ಗಾಲಿ ಅಣ್ಣನ ಪಾಲಿಗೆ

ಪಾಲಾದ ಹೊಲ ನೀವು ನೋಡಿರುತ್ತೀರಿ. ನಡುವೆ ಗೋಡೆ ಎದ್ದ ಮನೆಯನ್ನೂ ನೋಡಿರುತ್ತೀರಿ. ಪಾಲಾದ ಸೈಕಲ್ ನೋಡಿದ್ದೀರಾ? ನಮ್ಮ ಮನೆಯಲ್ಲಿ ಅದೂ ಆಯಿತು. ಫ್ರೇಮು, ಹ್ಯಾಂಡಲ್ಲು, ಸೀಟು ನನಗೆ. ಎರಡೂ ಗಾಲಿ ಅಣ್ಣನಿಗೆ. ಇಷ್ಟು ವರ್ಷ ಗಂಗಾವತಿಯ ಹೈಸ್ಕೂಲಿನಲ್ಲಿ ಮಕ್ಕಳಿಗೆ ಭಾಗಾಕಾರ ಕಲಿಸಿದವನು ನಾನು. ನನ್ನ ಸ್ವಂತ ಮನೆಯಲ್ಲೇ ಇಂಥ ಭಾಗಾಕಾರ ನಡೆಯಿತೆಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆದರೂ ಹೇಳಿಬಿಡುತ್ತೇನೆ, ಇಲ್ಲವಾದರೆ ಒಳಗೊಳಗೇ ಕುದಿಯುತ್ತಿರುತ್ತದೆ.

ಅದು ನಮ್ಮ ಅಜ್ಜ ನಿಜಾಮರ ಕಾಲದಲ್ಲಿ ಹೈದರಾಬಾದಿನಿಂದ ತಂದ ವಿಲಾಯತಿ ಸೈಕಲ್. ಕಪ್ಪು ಬಣ್ಣ, ಎತ್ತರದ ಮೈ, ಚೈನು ಪೂರ್ತಿ ಮುಚ್ಚುವ ತಗಡಿನ ಡಬ್ಬಿ, ತಂತಿಯ ಬದಲು ಸರಳಿನಿಂದ ಎಳೆಯುವ ಬ್ರೇಕು. ಹಿಂದಿನ ಗಾಲಿಯ ಹೊಟ್ಟೆಯೊಳಗೆ ಮೂರು ಗೇರು. ಗೇರು ಬದಲಿಸುವ ಖಟಕಾ ಹ್ಯಾಂಡಲ್ಲಿನ ಬಲಗಡೆ. ಯಲಬುರ್ಗಾ ಹತ್ತಿರದ ನಮ್ಮ ಊರಲ್ಲಿ ಆಗ ಗೇರು ಎಂದರೆ ಲಾರಿಯಲ್ಲಿ ಇರುವಂಥದ್ದು ಎಂದಷ್ಟೇ ಜನಕ್ಕೆ ಗೊತ್ತು. ಅಣ್ಣ ನನ್ನನ್ನು ಮುಂದಿನ ಡಂಡೆಯ ಮೇಲೆ ಕೂರಿಸಿಕೊಂಡು ಯಲಬುರ್ಗಾದ ಸಾಲೆಗೆ ಬಿಟ್ಟು, ತಾನು ತಿರುಗಿ ಹೊಲಕ್ಕೆ ಹೋಗುತ್ತಿದ್ದ. ಏರಿನಲ್ಲಿ ಖಟಕಾ ಒತ್ತುವ ಕೆಲಸ ನನ್ನದು, ತುಳಿಯುವ ಕೆಲಸ ಅವನದು. ನಾನು ಓದಿ ಮಾಸ್ತರನಾದೆ, ಅವನು ಏಳನೆಯ ಇಯತ್ತೆಗೆ ಸಾಲೆ ಬಿಟ್ಟ.

ಅಪ್ಪ ತೀರಿಕೊಂಡ ಮರುವರ್ಷ ಹಿಸ್ಸೆಯ ಮಾತು ಬಂತು. ಊರಿನ ನಾಲ್ಕು ಮಂದಿ ಹಿರಿಯರು ನಮ್ಮ ಪಡಸಾಲೆಯಲ್ಲಿ ಬಂದು ಕೂತರು. ನಮ್ಮ ಕಡೆ ಒಂದು ಪದ್ಧತಿ ಇದೆ. ದೊಡ್ಡವನು ಪಾಲು ಹಾಕಬೇಕು, ಸಣ್ಣವನು ತನಗೆ ಬೇಕಾದ್ದನ್ನು ಮೊದಲು ಎತ್ತಿಕೊಳ್ಳಬೇಕು. ಪಾಲು ಹಾಕಿದವನಿಗೆ ಉಳಿದದ್ದು ಸಿಗುವುದರಿಂದ ಅವನು ಹೆಚ್ಚುಕಡಿಮೆ ಮಾಡುವುದಿಲ್ಲ ಎಂಬ ನಂಬಿಕೆ. ಹೊಲ ಸುಲಭವಾಗಿ ಮುಗಿಯಿತು. ಹಂಡೆ, ಕೊಡ, ಬೋಗುಣಿ ಮುಗಿದವು. ಕೊನೆಗೆ ಗೋಡೆಗೆ ಒರಗಿ ನಿಂತ ಸೈಕಲ್ ಉಳಿಯಿತು.

ನನಗೆ ಬೇಕು ಅಂದೆ. ಅಣ್ಣ ತನಗೂ ಬೇಕು ಅಂದ. ಮಾರಿಬಿಡಿ ಎಂದು ಹಿರಿಯರು ಹೇಳಿದ್ದಕ್ಕೆ ಇಬ್ಬರೂ ಒಲ್ಲೆವೆಂದೆವು. ಊಟದ ಹೊತ್ತು ಮೀರುತ್ತಿತ್ತು. ಹಿರಿಯರಿಗೆ ಹಸಿವು, ನಮಗೆ ಹಟ. ಆಗ ಅಣ್ಣ ಎದ್ದು ಒಳಗೆ ಹೋದ. ನಟ್ಟು ಬಿಚ್ಚುವ ಪಾನಾ ತಂದ, ಸೈಕಲ್ಲನ್ನು ಬುಡಮೇಲು ಮಾಡಿ ನಿಲ್ಲಿಸಿದ, ಎರಡೂ ಗಾಲಿ ಬಿಚ್ಚಿದ. ಗಾಲಿಗಳನ್ನು ಒಂದು ಕಡೆ, ಉಳಿದ ಕಬ್ಬಿಣವನ್ನು ಇನ್ನೊಂದು ಕಡೆ ಇಟ್ಟು, ಎತ್ತಿಕೋ ಅಂದ. ನನಗೆ ಪಿತ್ತ ನೆತ್ತಿಗೇರಿತು. ನಾನು ಹತ್ತಬಾರದೆಂದು ಹೀಗೆ ಮಾಡಿದ ಎಂದುಕೊಂಡು ಫ್ರೇಮನ್ನು ಹೆಗಲ ಮೇಲೆ ಹಾಕಿಕೊಂಡು ಹೊರಗೆ ಬಂದೆ. ಅವತ್ತು ನಿಂತ ಮಾತು ಹದಿನೆಂಟು ವರ್ಷ ನಿಂತೇ ಇತ್ತು. ಮದುವೆ ಮುಂಜಿಗಳಲ್ಲಿ ಎದುರಾದರೆ ಬೇರೆ ಬೇರೆ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಿದ್ದೆವು.

ಹೋದ ವರ್ಷ ಮಾಳಿಗೆ ಸ್ವಚ್ಛ ಮಾಡಿಸುವಾಗ ನನ್ನ ಹೆಂಡತಿ ಗುಜರಿಯವನನ್ನು ಕರೆಸಿದಳು. ಒಡೆದ ಬಕೆಟ್ಟು, ಹಳೆಯ ಕೂಲರು, ತುಕ್ಕು ಹಿಡಿದ ತಂತಿ ಎಲ್ಲ ಹೊತ್ತುಕೊಂಡ ಮೇಲೆ ಅವನು ಫ್ರೇಮಿಗೂ ಕೈ ಹಾಕಿದ. ನಾನು ಮೆಟ್ಟಿಲ ಮೇಲಿಂದ ಕೂಗಿದ ರೀತಿಗೆ ಪಾಪ, ಅವನು ಫ್ರೇಮನ್ನು ಕೆಳಗೆ ಬಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಹದಿನೆಂಟು ವರ್ಷ ಪಾರಿವಾಳ ಹೇತ ಕಬ್ಬಿಣಕ್ಕೆ ಈಗ ಇಷ್ಟು ಪ್ರೀತಿ ಯಾಕೆ ಎಂದು ಹೆಂಡತಿ ಕೇಳಿದಳು. ಇದನ್ನು ಮೊದಲಿನ ಹಾಗೆ ಮಾಡಿಸುತ್ತೇನೆ, ಇದರ ಮೇಲೆ ಕೂತು ಸಾಲೆಗೆ ಹೋಗುತ್ತೇನೆ ಎಂದು ಸಿಟ್ಟಿನಲ್ಲೇ ಹೇಳಿಬಿಟ್ಟೆ. ಹೇಳಿದ ಮೇಲೆ ಮಾಡಲೇಬೇಕಾಯಿತು.

ಮೊದಲ ದಡ್ಡತನ ನನ್ನದೇ. ಪೆಡಲಿನ ತೋಳನ್ನು ನಡುವಿನ ಎಕ್ಸಲಿಗೆ ಹಿಡಿದಿಡುವ ಒಂದು ಸಣ್ಣ ಮೊಳೆ ಇರುತ್ತದೆ, ಕಾಟರ್ ಪಿನ್ನು ಅನ್ನುತ್ತಾರೆ. ಅದನ್ನು ಬಿಚ್ಚುವುದು ಯಾವ ದೊಡ್ಡ ಮಾತು ಎಂದು ಚಿಮಣಿ ಎಣ್ಣೆ ಬಿಟ್ಟು ಸುತ್ತಿಗೆಯಿಂದ ಹೊಡೆದೆ. ಅದು ಹೊರಬರುವ ಬದಲು ಅಲ್ಲೇ ಸೊಟ್ಟಗಾಯಿತು. ಇನ್ನೆರಡು ಏಟಿಗೆ ಅಣಬೆಯ ಹಾಗೆ ತಲೆ ಅಗಲ ಮಾಡಿಕೊಂಡು ಕೂತಿತು. ಹೆಬ್ಬೆರಳಿಗೂ ಒಂದು ಏಟು ಬಿತ್ತು. ಎರಡನೆಯ ದಡ್ಡತನವೂ ನನ್ನದೇ. ಚರ್ಮದ ಸೀಟು ಒಣಗಿ ಬಿರುಕು ಬಿಟ್ಟಿತ್ತು. ಮೆತ್ತಗಾಗಲಿ ಎಂದು ಔಡಲ ಎಣ್ಣೆಯ ಬೋಗುಣಿಯಲ್ಲಿ ಎರಡು ದಿನ ಮುಳುಗಿಸಿಟ್ಟೆ. ಎಷ್ಟು ಮೆತ್ತಗಾಯಿತೆಂದರೆ ತೆಗೆದಾಗ ತವೆಯಿಂದ ಎತ್ತಿದ ದೋಸೆಯಂತೆ ಕೈಯಲ್ಲಿ ಜೋತುಬಿತ್ತು. ಎಣ್ಣೆಯೂ ಹೋಯಿತು, ಸೀಟೂ ಹೋಯಿತು, ಬೋಗುಣಿಯ ವಾಸನೆ ಇನ್ನೂ ಹೋಗಿಲ್ಲ. ಆ ಬೋಗುಣಿಯನ್ನು ಹೆಂಡತಿ ಇವತ್ತಿಗೂ ನನ್ನ ಮುಖಕ್ಕೆ ಹಿಡಿಯುತ್ತಾಳೆ.

ಹಾಗಾಗಿ ಮಿಸ್ತ್ರಿಯ ಕಾಲು ಹಿಡಿಯಬೇಕಾಯಿತು. ಗಂಗಾವತಿಯಲ್ಲಿ ಹಳೆಯ ಸೈಕಲ್ಲಿನ ಒಳಮರ್ಮ ಗೊತ್ತಿರುವ ಮಿಸ್ತ್ರಿ ಈಗ ಒಬ್ಬನೇ. ಅಕ್ಕಿ ಗಿರಣಿಗಳ ಸಾಲಿನ ಕೊನೆಯಲ್ಲಿ, ತೌಡಿನ ಧೂಳು ಕೂತ ಒಂದು ತಗಡಿನ ಅಂಗಡಿ ಅವನದು. ವಯಸ್ಸು ನನಗಿಂತ ಹೆಚ್ಚು, ಮಾತು ಇನ್ನೂ ಹೆಚ್ಚು. ಸೊಟ್ಟಗಾದ ಪಿನ್ನು ನೋಡಿ, ಇದನ್ನು ಯಾವ ಮೂರ್ಖ ಹೊಡೆದ ಎಂದು ಕೇಳಿದ. ಗುಜರಿಯವನು ಎಂದೆ. ಒಂದು ವಾರದಲ್ಲಿ ಕೊಡುತ್ತೇನೆ ಎಂದವನು ಆ ಪಿನ್ನನ್ನು ಡ್ರಿಲ್ಲು ಹಾಕಿ ತೆಗೆಯಲು ಎರಡು ತಿಂಗಳು ತೆಗೆದುಕೊಂಡ. ಹೋದಾಗಲೆಲ್ಲ ಚಾ ತರಿಸುತ್ತಿದ್ದ, ನಾಳೆ ಬರ್ರಿ ಎನ್ನುತ್ತಿದ್ದ. ಅವನ ನಾಳೆಗಳನ್ನು ಕೂಡಿಸಿದ್ದರೆ ಇನ್ನೊಂದು ಶೈಕ್ಷಣಿಕ ವರ್ಷ ಆಗುತ್ತಿತ್ತು. ಒಂದು ದಿನ ಅಂಗಡಿಯಲ್ಲೇ ನಿಂತು ಬಾಯಿಗೆ ಬಂದಂತೆ ಬೈದೆ. ಅವನು ಸಿಟ್ಟಾಗಲೂ ಇಲ್ಲ. ನನ್ನ ಕೈಗೆ ಎಮರಿ ಕಾಗದ ಕೊಟ್ಟು, ಬೈಯುತ್ತಾ ಹಾಗೇ ತುಕ್ಕು ತಿಕ್ಕಿರಿ ಅಂದ. ತಿಕ್ಕಿದೆ. ಇನ್ನೇನು ಮಾಡಲಿ?

ಬಣ್ಣದ್ದು ಇನ್ನೊಂದು ಗೋಳು. ಮಿಸ್ತ್ರಿಯ ಗುರುತಿನ ಪೇಂಟರ್ ಒಬ್ಬನಿದ್ದ. ಟ್ರ್ಯಾಕ್ಟರ್ ಟ್ರೈಲರುಗಳಿಗೆ ಬಣ್ಣ ಹಚ್ಚುವುದೇ ಅವನ ಕಸುಬು. ಬರಿ ಕಪ್ಪು, ಬೇರೆ ಏನೂ ಬೇಡ ಎಂದು ಮೂರು ಸಲ ಹೇಳಿ ಬಂದೆ. ತರಲು ಹೋದಾಗ ಕಪ್ಪೇನೋ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ಆದರೆ ಡಂಡೆಯ ಉದ್ದಕ್ಕೂ ಹಳದಿ ಅಕ್ಷರದಲ್ಲಿ ತಂದೆ ತಾಯಿ ಆಶೀರ್ವಾದ ಎಂದು ಬರೆದು, ಎರಡೂ ತುದಿಗೆ ಒಂದೊಂದು ಕಮಲದ ಹೂ ಬಿಡಿಸಿದ್ದ. ಇದೇನು ಎಂದು ಕೇಳಿದೆ. ಬರೆಯದಿದ್ದರೆ ಬೋಳು ಕಾಣುತ್ತಿತ್ತಂತೆ. ಬಾಕಿ ಬಣ್ಣದಲ್ಲಿ ಪುಕ್ಕಟೆ ಬರೆದುಕೊಟ್ಟಿದ್ದೇನೆ ಎಂದು ಮೇಲಿಂದ ಉಪಕಾರ ಬೇರೆ ಹೇಳಿದ. ಮತ್ತೆ ತಿಕ್ಕಿಸಿ, ಮತ್ತೆ ಕಪ್ಪು ಹಚ್ಚಿಸಿ, ಆರುವವರೆಗೆ ನಾನೇ ಎದುರು ಸ್ಟೂಲು ಹಾಕಿಕೊಂಡು ಕಾವಲು ಕೂತೆ.

ಸೀಟು ಕುಷ್ಟಗಿಯಲ್ಲಿ ಸಿಕ್ಕಿತು. ಅಲ್ಲೊಬ್ಬ ಮುದುಕರು ಸೈಕಲ್ ಅಂಗಡಿ ಮುಚ್ಚಿ ವರ್ಷಗಳಾಗಿದ್ದರೂ ಹಳೆಯ ಸಾಮಾನು ಒಂದು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಾರೆಂದು ಮಿಸ್ತ್ರಿಯೇ ಹೇಳಿದ್ದ. ಮೂರು ರವಿವಾರ ಹೋದೆ. ಮೊದಲ ರವಿವಾರ ಪೆಟ್ಟಿಗೆಯ ಕೀಲಿ ಮಗನ ಹತ್ತಿರ ಇತ್ತು. ಎರಡನೆಯ ರವಿವಾರ ಕೀಲಿ ಇತ್ತು, ಮುದುಕರು ಯಾರದೋ ಮದುವೆಗೆ ಹೋಗಿದ್ದರು. ಮೂರನೆಯ ಸಲ ಸೀಟು ಕೈಗೆ ಬಂದಾಗ ಸಂತೋಷಕ್ಕಿಂತ ಸುಸ್ತೇ ಜಾಸ್ತಿಯಾಗಿತ್ತು.

ಇಷ್ಟೆಲ್ಲ ಆದ ಮೇಲೆ ಫ್ರೇಮು ಅಂಗಡಿಯ ಕೊಕ್ಕೆಗೆ ನೇತುಬಿತ್ತು. ಹೊಳೆಯುವ ಕಪ್ಪು ಮೈ, ಹೊಸ ಸೀಟು, ತಿಕ್ಕಿ ಬೆಳ್ಳಗೆ ಮಾಡಿದ ಹ್ಯಾಂಡಲ್ಲು. ಕೆಳಗೆ ಏನೂ ಇಲ್ಲ. ಹೊಸ ಗಾಲಿ ಹಾಕಿಬಿಡು ಎಂದೆ. ಮಿಸ್ತ್ರಿ ಪೇಟೆಯಿಂದ ಒಂದು ಜೋಡಿ ತಂದು ಕೂರಿಸಿಯೂ ನೋಡಿದ. ಖಟಕಾ ಒತ್ತಿದರೆ ಟಕ್ ಎಂದು ಸದ್ದು ಬರುತ್ತಿತ್ತು, ಆ ಕಡೆ ಗೇರೇ ಇಲ್ಲ. ಮುದುಕನಿಗೆ ಪರರ ಕಾಲು ಜೋಡಿಸಿದ ಹಾಗೆ ಕಾಣುತ್ತದೆ, ನನ್ನ ಕೈಯಿಂದ ಈ ಪಾಪ ಮಾಡಿಸಬೇಡಿ ಎಂದು ಅವನೇ ಮತ್ತೆ ಬಿಚ್ಚಿಟ್ಟ. ಹಿಸ್ಸೆಯ ಕಥೆಯನ್ನು ಎಂದೋ ಚಾ ಕುಡಿಯುವಾಗ ಅವನಿಗೆ ಹೇಳಿದ್ದೆ. ಆಮೇಲೆ ಕಣ್ಣಲ್ಲಿ ಕಣ್ಣಿಟ್ಟು ಕೇಳಿದ.

"ಮಾಸ್ತರ, ಇದರ ಗಾಲಿ ಎಲ್ಲಿ ಅದಾವ ಅನ್ನೂದು ನಿಮಗ ಗೊತ್ತೈತಿ. ಹೋಗಿ ತರೂದ ಬಿಟ್ಟು ನನ್ನ ಜೀವಾ ಯಾಕ ತಿಂತೀರಿ?"

ಆ ಮಾತಿಗೆ ಒಂದು ವಾರ ಅಂಗಡಿಯ ಕಡೆ ತಲೆ ಹಾಕಲಿಲ್ಲ. ಅಷ್ಟರಲ್ಲಿ ಊರಿನಿಂದ ಬಂದ ಬಳಗದವನೊಬ್ಬ, ನಿಮ್ಮಣ್ಣ ಆ ಮುಂದಿನ ಗಾಲಿಯನ್ನು ಎಡೆಕುಂಟೆಗೆ ಹಾಕಿಕೊಂಡಿದ್ದಾನೆ ಎಂಬ ಸುದ್ದಿ ಕೊಟ್ಟ. ಮುಂದೆ ಒಂದು ಸೈಕಲ್ ಗಾಲಿ, ಅದರ ಹಿಂದೆ ಕಳೆ ಕೀಳುವ ಕುಡ. ಬೆಳೆಯ ಸಾಲಿನ ನಡುವೆ ಮನುಷ್ಯನೇ ದಬ್ಬಿಕೊಂಡು ಹೋಗುವ ಎಡೆಕುಂಟೆ ಅದು. ನಮ್ಮ ಕಡೆ ಈಗ ಮನೆಗೊಂದು ಇದೆ. ಅಜ್ಜನ ವಿಲಾಯತಿ ಗಾಲಿ ಹೆಸರುಕಾಳಿನ ಹೊಲದಲ್ಲಿ ಕೆಸರು ತುಳಿಯುತ್ತಿದೆ ಎಂದು ಕೇಳಿ ನನ್ನ ಮೈಯೆಲ್ಲ ಉರಿಯಿತು. ರವಿವಾರ ಬೆಳಿಗ್ಗೆಯೇ ಬಸ್ಸು ಹತ್ತಿದೆ.

ಕೊಪ್ಪಳದಲ್ಲಿ ಬಸ್ಸು ಬದಲಿಸಿ, ಕುಕನೂರು ದಾಟುವವರೆಗೂ ಮನಸ್ಸಿನಲ್ಲೇ ಜಗಳ ತೆಗೆಯುತ್ತಿದ್ದೆ. ಅವನು ಕೊಡುವುದಿಲ್ಲ ಅನ್ನುತ್ತಾನೆ, ನಾನು ಹೀಗೆ ಅನ್ನಬೇಕು. ಅದಕ್ಕವನು ಹಿಸ್ಸೆಯ ಮಾತು ತೆಗೆಯುತ್ತಾನೆ, ನಾನು ಹಾಗೆ ಅನ್ನಬೇಕು. ಕರಿಮಣ್ಣಿನ ಹೊಲಗಳಲ್ಲಿ ಹೆಸರು ಗೇಣುದ್ದ ಎದ್ದಿತ್ತು. ನನ್ನ ತುಟಿಗಳು ಅಲ್ಲಾಡುತ್ತಿದ್ದವೆಂದು ತೋರುತ್ತದೆ, ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು ಎದ್ದು ಬೇರೆ ಸೀಟಿಗೆ ಹೋದಳು. ಯಲಬುರ್ಗಾದಲ್ಲಿ ಇಳಿಯುವ ಹೊತ್ತಿಗೆ ನನ್ನ ಕಡೆಯ ವಾದ ಪೂರ್ತಿ ತಯಾರಾಗಿತ್ತು.

ಅಣ್ಣ ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿದ್ದವು. ನನ್ನನ್ನು ನೋಡಿ ಹಗ್ಗ ಕೆಳಗಿಟ್ಟ.

"ಬರ್ರಿ ಮಾಸ್ತರ, ಕುಂದರ್ರಿ," ಅಂದ.

ಡಂಡೆಯ ಮೇಲೆ ಕೂರಿಸಿಕೊಂಡು ಸಾಲೆಗೆ ಬಿಟ್ಟವನು ನನಗೆ ಬರ್ರಿ ಅನ್ನುತ್ತಾನೆ. ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ. ಅಣ್ಣನ ಹೆಂಡತಿ, ನಮ್ಮ ವೈನಿ, ಒಳಗಿನಿಂದ ನೀರು ತಂದು ಕೊಟ್ಟರು, ಮಕ್ಕಳ ಯೋಗಕ್ಷೇಮ ಕೇಳಿದರು, ಚಾ ಇಟ್ಟರು. ಚಾ ಕುಡಿದು ಮುಗಿಯುವವರೆಗೆ ಅಣ್ಣ ಮಳೆಯ ಮಾತು ಬಿಟ್ಟರೆ ಬೇರೇನೂ ಆಡಲಿಲ್ಲ. ಕೊನೆಗೆ ನಾನೇ, ಸೈಕಲ್ ರಿಪೇರಿ ಮಾಡಿಸುತ್ತಿದ್ದೇನೆ, ಗಾಲಿ ಬೇಕಾಗಿತ್ತು ಎಂದೆ.

ಅವನು ಯಾಕೆ ಎಂದು ಕೇಳಲಿಲ್ಲ, ಇಲ್ಲ ಅನ್ನಲೂ ಇಲ್ಲ. ಎದ್ದು ಹೋಗಿ ಪಾನಾ ತಂದ, ಎಡೆಕುಂಟೆಯನ್ನು ಮಗ್ಗುಲಾಗಿ ಮಲಗಿಸಿ ಗಾಲಿ ಬಿಚ್ಚಿದ. ಎಡೆ ಹೊಡೆಯುವುದು ಇನ್ನೂ ಅರ್ಧ ಹೊಲ ಬಾಕಿ ಇದೆ ಎಂದು ವೈನಿ ಮೆಲ್ಲಗೆ ಅಂದದ್ದು ನನಗೆ ಕೇಳಿಸಿತು, ಅವನಿಗೂ ಕೇಳಿಸಿತು. ಆಮೇಲೆ ಒಳಗಿನ ಅಟ್ಟದಿಂದ ಗೊಬ್ಬರದ ಚೀಲದಲ್ಲಿ ಸುತ್ತಿದ್ದ ಹಿಂದಿನ ಗಾಲಿ ಇಳಿಸಿದ. ಚೀಲ ಬಿಚ್ಚಿ ನೋಡುತ್ತೇನೆ, ಒಂದು ಕಡ್ಡಿಗೂ ತುಕ್ಕಿಲ್ಲ. ಹಬ್ಬಿನ ಮೇಲೆ ಗ್ರೀಸು ಹಸಿಯಾಗಿಯೇ ಇತ್ತು. ಬೆರಳಿನಿಂದ ತಿರುಗಿಸಿದರೆ ಟಿಕಿಟಿಕಿ ಎಂದು ಸಣ್ಣಗೆ ಸದ್ದು ಮಾಡುತ್ತಾ ಎಷ್ಟೋ ಹೊತ್ತು ತಿರುಗಿತು. ನನ್ನ ಮಾಳಿಗೆಯ ಮೇಲೆ ಪಾರಿವಾಳದ ಕೆಳಗೆ ಬಿದ್ದಿದ್ದ ಫ್ರೇಮು ನೆನಪಾಗಿ ತಲೆ ತಗ್ಗಿಸಿದೆ. ಬಸ್ಸಿನಲ್ಲಿ ತಯಾರು ಮಾಡಿದ ವಾದವೆಲ್ಲ ಬಾಯಲ್ಲೇ ಉಳಿಯಿತು. ಅದಕ್ಕೂ ಒಂದು ನಮೂನೆ ಸಿಟ್ಟು ಬಂತು.

ತಾನು ಹೊಸೆಯುತ್ತಿದ್ದ ಹಗ್ಗದಿಂದಲೇ ಎರಡೂ ಗಾಲಿಗಳನ್ನು ಜೋಡಿಸಿ ಬಿಗಿದು ನನ್ನ ಮುಂದೆ ಇಟ್ಟ.

"ಹಿಡೀರಿ. ಇನ್ನ ನಮ್ಮಿಬ್ಬರದೂ ಅನ್ನೂದು ಏನೂ ಉಳೀಲಿಲ್ಲ ನೋಡ್ರಿ."

ಇಷ್ಟು ಹೇಳಿ ಹೊಲದ ಕಡೆ ಹೊರಟುಹೋದ. ರೊಟ್ಟಿ ಕಟ್ಟಿಕೊಂಡು ರಸ್ತೆಯ ತನಕ ವೈನಿ ಬಂದರು. ಬಸ್ಸು ಬರುವವರೆಗೆ ಬೇವಿನ ಗಿಡದ ನೆರಳಲ್ಲಿ ನಿಂತೆವು. ಇಷ್ಟು ಸುಲಭವಾಗಿ ಕೊಡುವವನು ಅವತ್ತು ಯಾಕೆ ಬಿಚ್ಚಿದ ಎಂದು ನಾನು ಗೊಣಗಿದೆ. ಅವರು ನನ್ನ ಮುಖವನ್ನೇ ನೋಡಿದರು.

"ನಿನಗಿನ್ನೂ ತಿಳಿದಿಲ್ಲೇನು ತಮ್ಮಾ? ಪೂರಾ ಸೈಕಲ್ ಕೊಟ್ರ ಒಯ್ದು ಗಂಗಾವತ್ಯಾಗ ಉಳದಬಿಡ್ತಾನ, ಅರ್ಧ ಇಲ್ಲೇ ಇದ್ರ ಕೇಳಾಕರ ಬರ್ತಾನ ಅಂತ ಬಿಚ್ಚಿದ್ರು. ಇವತ್ತ ಬರ್ತಾನ, ನಾಳೆ ಬರ್ತಾನ ಅಂತ ವರ್ಷಾ ಎಣ್ಣಿ ಬಿಡ್ತಿದ್ರು. ಹೋದ ವರ್ಷದ ತನಕ ಮುಂದಿನದೂ ಚೀಲದಾಗ ಇತ್ತು."

ಬಸ್ಸು ಬಂತು, ಹತ್ತಿದೆ. ಕಂಡಕ್ಟರ್ ಗಾಲಿಗಳಿಗೆ ಲಗೇಜಿನ ಟಿಕೆಟ್ ಹರಿಯುತ್ತಿದ್ದರೆ ನನಗೆ ಕಣ್ಣು ಕಾಣಿಸುತ್ತಿರಲಿಲ್ಲ. ಅಣ್ಣನ ಮೇಲೆ ಎಂಥ ಸಿಟ್ಟು ಬಂತೆಂದರೆ, ತಿರುಗಿ ಹೋಗಿ ಹೆಗಲು ಹಿಡಿದು ಅಲ್ಲಾಡಿಸಬೇಕು ಅನಿಸಿತು. ಬಾ ಅನ್ನಲು ಬಾಯಿ ಇರಲಿಲ್ಲವೇ ಇವನಿಗೆ? ನಾಲಗೆಯ ಕೆಲಸವನ್ನು ಪಾನಾದಿಂದ ಮಾಡುವ ಮನುಷ್ಯನನ್ನು ಯಾರು ಅರ್ಥ ಮಾಡಿಕೊಳ್ಳಬೇಕು? ಕೊಪ್ಪಳ ಬರುವ ಹೊತ್ತಿಗೆ ಆ ಸಿಟ್ಟು ತಿರುಗಿ ನನ್ನ ಮೇಲೇ ಬಂತು. ನಾನಾದರೂ ಒಂದು ಸಲ ಹೋಗಿ, ಯಾಕಣ್ಣ ಹೀಗೆ ಮಾಡಿದಿ ಎಂದು ಕೇಳಿದ್ದೆನೇ? ಹದಿನೆಂಟು ವರ್ಷ ನ್ಯಾಯ ನನ್ನ ಕಡೆ ಇದೆ ಎಂದುಕೊಂಡು ಎದೆ ಸೆಟೆಸಿ ತಿರುಗಿದೆ. ಗಂಗಾವತಿಯಲ್ಲಿ ಇಳಿದಾಗ ರೊಟ್ಟಿಯ ಗಂಟು ಹಾಗೇ ಇತ್ತು.

ಮಿಸ್ತ್ರಿ ಈ ಸಲ ನಾಳೆ ಅನ್ನಲಿಲ್ಲ. ಗಾಲಿ ಕಂಡವನೇ ಚಾ ಕೂಡ ತರಿಸದೆ ಕೆಲಸಕ್ಕೆ ಕೂತ. ಮುಂದಿನ ಗಾಲಿಯ ಸವೆದ ಕಡ್ಡಿಗಳನ್ನು ಬದಲಿಸಿದ, ಸೊಟ್ಟು ತೆಗೆದ, ಟೈರು ಹಾಕಿದ, ಖಟಕಾದಿಂದ ಗೇರಿಗೆ ತಂತಿ ಎಳೆದ. ಮೂರು ವಾರಕ್ಕೆ ಸೈಕಲ್ ನೆಲದ ಮೇಲೆ ತನ್ನ ಕಾಲಿನಿಂದ ನಿಂತಿತು. ಗಿರಣಿಯ ಹಮಾಲರೆಲ್ಲ ಚೀಲ ಇಳಿಸಿ ನೋಡಲು ಬಂದರು. ನಾನು ಹತ್ತಿ ರಸ್ತೆಯ ತುದಿಯವರೆಗೆ ಹೋಗಿಬಂದೆ. ಖಟಕಾ ಒತ್ತಿದೊಡನೆ ಗೇರು ಬಿದ್ದಿತು, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ. ಎಂಟು ತಿಂಗಳು ಇದೊಂದು ಗಳಿಗೆಗಾಗಿ ಒದ್ದಾಡಿದ್ದೆ, ಆದರೆ ಮುಖದ ಮೇಲೆ ನಗು ತರಿಸಿಕೊಳ್ಳಲು ಆಗಲಿಲ್ಲ.

ಮನೆಯ ಮುಂದೆ ಎರಡು ದಿನ ನಿಲ್ಲಿಸಿಕೊಂಡೆ. ಹೋಗುವವರು ಬರುವವರು ಹೊಗಳಿದರು, ಫೋಟೋ ತೆಗೆದುಕೊಂಡರು. ಸೈಕಲ್ ಪೂರ್ತಿ ನನ್ನದಾಗಿತ್ತು. ನಾನು ಇನ್ನು ಯಾವತ್ತೂ ಆ ಊರಿಗೆ ಹೋಗಬೇಕಾದ ಕಾರಣವೇ ಇರಲಿಲ್ಲ. ಅವನ ಅಟ್ಟದಲ್ಲೂ ನಾನು ಬರುತ್ತೇನೆಂದು ಕಾಯುವಂಥದ್ದು ಯಾವುದೂ ಇರಲಿಲ್ಲ. ಹಿಸ್ಸೆ ಆದದ್ದು ಹದಿನೆಂಟು ವರ್ಷದ ಹಿಂದಲ್ಲ, ಮೊನ್ನೆ, ನನ್ನ ಕೈಯಿಂದಲೇ ಆಯಿತು ಎಂದು ಹೊಳೆದು ಅನ್ನ ಸೇರಲಿಲ್ಲ.

ಮೂರನೆಯ ದಿನ ಸೈಕಲ್ಲನ್ನು ತಳ್ಳಿಕೊಂಡು ಅಂಗಡಿಗೆ ಹೋಗಿ, ಮುಂದಿನ ಗಾಲಿ ಬಿಚ್ಚು ಎಂದೆ. ಮಿಸ್ತ್ರಿ ಕೈಯಲ್ಲಿದ್ದ ಪಾನಾ ಎಸೆದೇಬಿಟ್ಟ. ಎಂಟು ತಿಂಗಳಲ್ಲಿ ಅವನಿಗೆ ಸಿಟ್ಟು ಬಂದದ್ದು ನಾನು ನೋಡಿದ್ದು ಅದೊಂದೇ ಸಲ. ತಲೆ ಕೆಟ್ಟಿದೆಯಾ ಎಂದು ಕೇಳಿದ. ಇರಬಹುದು ಎಂದೆ. ಬಿಚ್ಚಿಕೊಡುವವರೆಗೆ ಬೈಯುತ್ತಲೇ ಇದ್ದ, ನಾನು ಕೇಳುತ್ತಲೇ ಇದ್ದೆ.

ಅಣ್ಣ ಈ ಸಲವೂ ಅಂಗಳದಲ್ಲೇ ಇದ್ದ. ಹೆಗಲ ಮೇಲೆ ಗಾಲಿ ಹೊತ್ತು ಬರುತ್ತಿದ್ದ ನನ್ನನ್ನು ಕಂಡು ಎದ್ದು ನಿಂತ. ನಾನು ಗಾಲಿ ಕೆಳಗಿಟ್ಟು, ಎಡೆ ಹೊಡೆಯುವುದು ಬಾಕಿ ಇತ್ತಲ್ಲ, ಅದಕ್ಕೆ ತಂದೆ ಎಂದೆ. ಅದು ಮುಗಿದು ವಾರವಾಯಿತು, ಪೇಟೆಯಿಂದ ಬೇರೆ ಗಾಲಿ ತಂದು ಹಾಕಿದೆ ಎಂದು ಅವನು ಹೇಳಿದ. ದಾರಿಯುದ್ದಕ್ಕೂ ಹುಡುಕಿ ತಂದ ಒಂದೇ ನೆಪ, ಅದೂ ಹೋಯಿತು. ಇನ್ನು ಬಾಯಿ ಬಿಟ್ಟು ಹೇಳದೆ ಗತಿ ಇರಲಿಲ್ಲ.

"ಅಣ್ಣ, ಇದು ಇಲ್ಲೇ ಇರ್ಲಿ. ಬೇಕಾದಾಗ ಬಂದು ಒಯ್ತೀನಿ."

ಅವನು ಗಾಲಿಯ ಕಡೆ ನೋಡಿದ. ಬಗ್ಗಿ ಅದನ್ನೆತ್ತಿ, ಎಕ್ಸಲ್ ಹಿಡಿದು ಒಂದು ಸಲ ತಿರುಗಿಸಿದ. ಅದು ನಿಲ್ಲುವವರೆಗೂ ಇಬ್ಬರೂ ನೋಡುತ್ತಾ ನಿಂತೆವು.

"ಯಾವಾಗ ಬೇಕಾಗ್ತೈತಿ ನಿನಗ?" ಎಂದು ಕೇಳಿದ.

"ಬರೂ ಐತವಾರ," ಎಂದೆ.